ಪವರ್ ಕೈಟ್‌ನ ಸೂತ್ರ: ಯಾವ ಗಂಟನ್ನು ಮೊದಲು ಸರಿಸಬೇಕು, ಯಾವುದನ್ನು ಮುಟ್ಟದಿರುವುದು ಲೇಸು

ಪಟ ನಿಧಾನ ಅನ್ನಿಸಿತೇ, ಸೂತ್ರ ಬದಲಿಸು. ಎಳೆತ ಸಾಲದೇ, ಸೂತ್ರ ಬದಲಿಸು. ನೆತ್ತಿಯ ಮೇಲೆ ಬಂದ ಕೂಡಲೇ ಮುದುಡಿ ಬಿತ್ತೇ, ಆಗಲೂ ಸೂತ್ರವನ್ನೇ ಬದಲಿಸು. ಪವರ್ ಕೈಟ್ (ಆಳನ್ನೋ ಗಾಡಿಯನ್ನೋ ಎಳೆಯಬಲ್ಲ ಪಟ) ಹಾರಿಸುವವರ ನಡುವೆ ಸೂತ್ರ, ಅಂದರೆ ಪಟದ ಮೈಯನ್ನು ಹಿಡಿದಿರುವ ಕವಲುದಾರಗಳ ಕಟ್ಟು, ಬದಲಿಸುವುದೊಂದು ಸರ್ವರೋಗಕ್ಕೂ ಮದ್ದಾಗಿಬಿಟ್ಟಿದೆ. ಮದ್ದೇನೋ ಸುಳ್ಳಲ್ಲ. ಆದರೆ ಆ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ: ಬ್ರೇಕ್ ದಾರದ (ಪಟವನ್ನು ತಡೆಯುವ, ತಿರುಗಿಸುವ ದಾರ) ಉದ್ದ, ಇಡೀ ಪಟದ ಕೋನ, ಬ್ರೇಕ್ ಕವಲುಗಳ ಹಂಚಿಕೆ, ನಡುಸಾಲುಗಳು ಕೊಡುವ ಹೊಟ್ಟೆಯುಬ್ಬು. ಒಂದಕ್ಕೆ ಬೇಕಾದದ್ದು ಎರಡು ನಿಮಿಷ, ಇನ್ನೊಂದಕ್ಕೆ ಒಂದಿಡೀ ಮಧ್ಯಾಹ್ನ ಮತ್ತು ಅಳತೆ ಪಟ್ಟಿ. ಒಂದರಿಂದ ಯಾರಿಗೂ ಅಪಾಯವಿಲ್ಲ, ಇನ್ನೊಂದು ನಿಮ್ಮನ್ನು ನೆಲದ ಮೇಲೆ ದರದರನೆ ಎಳೆದೊಯ್ಯಬಲ್ಲದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ನೀವು ಹಾರಿಸುವ ಜಾಗದ ಗಾಳಿ ನಿರ್ಧರಿಸಬೇಕು. ಪಟದಿಂದ ನಿಮಗೇನು ಬೇಕು ಅನ್ನುವ ಆಸೆ ಆಮೇಲಿನದು.

ಕೆಳಗಿನ ಮಾತೆಲ್ಲ ಮುಖ್ಯವಾಗಿ ನಾಲ್ಕು ದಾರದ, ಸ್ಥಿರ ಸೂತ್ರದ ಫಾಯಿಲ್ ಪಟಗಳ ಬಗ್ಗೆ. ಅಂದರೆ ಬಾಯಿಯಿಂದ ಗಾಳಿ ಒಳನುಗ್ಗಿ ಕೋಶಗಳು ತುಂಬಿಕೊಂಡು ರೆಕ್ಕೆಯಾಗುವ ಬಟ್ಟೆಯ ಪಟ. 1964ರಲ್ಲಿ ಡೊಮಿನಾ ಜಾಲ್ಬರ್ಟ್ ರೂಪಿಸಿದ ಪ್ಯಾರಾಫಾಯಿಲ್‌ನ ವಂಶದ್ದು. ಹಾರಿಸುತ್ತಲೇ ಎಳೆತ ತಗ್ಗಿಸಬಹುದಾದ ಡಿಪವರ್ ಫಾಯಿಲ್ ಮತ್ತು ಗಾಳಿ ತುಂಬುವ ಕೊಳವೆಯ ಪಟಗಳ ಲೆಕ್ಕ ಸ್ವಲ್ಪ ಬೇರೆ, ಅವುಗಳಿಗೆ ಕೊನೆಯಲ್ಲಿ ಬರುತ್ತೇನೆ.

ಯಾವ ದಾರ ಏನು ಮಾಡುತ್ತದೆ

ಪಟದ ಹೊಟ್ಟೆಯಿಂದ ಇಳಿಯುವ ಸೂತ್ರದ ಕವಲುಗಳು ಸಾಲು ಸಾಲಾಗಿರುತ್ತವೆ. ಮೂಗಿನ ಹತ್ತಿರದ್ದು ಎ ಸಾಲು, ಅದರ ಹಿಂದೆ ಬಿ, ಆಮೇಲೆ ಸಿ, ದೊಡ್ಡ ಪಟಗಳಲ್ಲಿ ಡಿ. ಇವೆಲ್ಲ ಕವಲು ಕೂಡುತ್ತಾ ಬಂದು ಎಡಕ್ಕೊಂದು ಬಲಕ್ಕೊಂದು ಬುಡ ಸೇರುತ್ತವೆ. ಎಳೆತ ಹೊರುವ ಮುಖ್ಯ ದಾರ ಕಟ್ಟುವುದು ಆ ಬುಡಕ್ಕೆ. ಹಿಂದಂಚಿನಿಂದ ಬರುವ ಬ್ರೇಕ್ ಕವಲುಗಳು ಪ್ರತ್ಯೇಕ. ಅವು ಬ್ರೇಕ್ ದಾರವಾಗಿ ಹಿಡಿಕೆಯ ಕೆಳತುದಿಗೆ ಬರುತ್ತವೆ.

ಕಾಗದದ ಪಟಕ್ಕೆ ಸೂತ್ರ ಕಟ್ಟಿ ಅಭ್ಯಾಸವಿದ್ದವರಿಗೆ ಮೂಲ ತತ್ವ ಹೊಸದಲ್ಲ. ಗಂಟು ಮೇಲೆ ಸರಿದರೆ ಪಟ ಮಲಗಿಕೊಂಡು ಹಾರುತ್ತದೆ, ಕೆಳಗೆ ಸರಿದರೆ ಎದೆಯೊಡ್ಡಿ ನಿಲ್ಲುತ್ತದೆ. ಇಲ್ಲಿಯೂ ಅಷ್ಟೇ. ಎ ಸಾಲು ಗಿಡ್ಡವಾದಷ್ಟೂ ಪಟದ ಮೂಗು ನಿಮ್ಮತ್ತ ಬಾಗುತ್ತದೆ, ಗಾಳಿಗೆ ಎದೆಯೊಡ್ಡುವ ಕೋನ ತಗ್ಗುತ್ತದೆ. ಎ ಉದ್ದವಾದರೆ ಅಥವಾ ಹಿಂದಿನ ಸಾಲುಗಳು ಗಿಡ್ಡವಾದರೆ ಕೋನ ಏರುತ್ತದೆ.

ಮೊದಲ ಆಯ್ಕೆ: ಬ್ರೇಕ್ ದಾರ

ಸೂತ್ರದ ದೂರುಗಳಲ್ಲಿ ಹೆಚ್ಚಿನವು ಸೂತ್ರದ್ದೇ ಅಲ್ಲ. ಬ್ರೇಕ್ ದಾರ ತುಸು ಗಿಡ್ಡವಾಗಿದ್ದರೆ ಪಟ ಏಳಲು ತಡಮಾಡುತ್ತದೆ, ವಿಂಡೋದಲ್ಲಿ (ಪಟ ಹಾರಬಲ್ಲ ಆಕಾಶದ ಭಾಗ) ಹಿಂದೆಯೇ ಉಳಿಯುತ್ತದೆ, ಗಾಳಿ ಸ್ವಲ್ಪ ಇಳಿದರೆ ಸ್ಟಾಲ್ ಆಗಿ, ಅಂದರೆ ಎತ್ತುವ ಬಲ ಕಳೆದುಕೊಂಡು, ಹಿಂದಕ್ಕೆ ಜಾರುತ್ತದೆ. ಕೋನ ಹೆಚ್ಚಾದಾಗಲೂ ಪಟ ಮಾಡುವುದು ಇದನ್ನೇ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುವುದರಿಂದ ಜನ ಎ ಸಾಲಿಗೆ ಕೈ ಹಾಕುತ್ತಾರೆ. ತಪ್ಪು ಹಿಡಿಕೆಯಲ್ಲಿರುತ್ತದೆ, ಚಿಕಿತ್ಸೆ ಸೂತ್ರಕ್ಕೆ ನಡೆಯುತ್ತದೆ.

ಎರಡನ್ನೂ ಬೇರ್ಪಡಿಸುವುದು ಸುಲಭ. ಪಟವನ್ನು ನೆತ್ತಿಯ ಮೇಲೆ ನಿಲ್ಲಿಸಿ, ಹಿಡಿಕೆಗಳನ್ನು ಸಹಜವಾಗಿ ಹಿಡಿದು ಬ್ರೇಕ್ ದಾರಗಳನ್ನು ನೋಡಿ. ಅವು ಗಾಳಿಗೆ ಸ್ವಲ್ಪ ಬಿಲ್ಲಿನಂತೆ ಬಾಗಿರಬೇಕು, ಹಿಂದಂಚಿನಲ್ಲಿ ಎಲ್ಲೂ ಮಡಿಕೆ ಕಾಣಬಾರದು. ದಾರ ನೆಟ್ಟಗೆ ಬಿಗಿದಿದ್ದರೆ ಹಿಡಿಕೆಯ ತುದಿಯ ಗಂಟುದಾರದಲ್ಲಿ ಒಂದು ಗಂಟಿನಷ್ಟು ಸಡಿಲಿಸಿ ಮತ್ತೆ ಹಾರಿಸಿ. ಪಟಕ್ಕೆ ಜೀವ ಬಂದರೆ ಕೆಲಸ ಮುಗಿಯಿತು, ಸೂತ್ರದ ಹತ್ತಿರ ಹೋಗಬೇಡಿ. ಬ್ರೇಕ್ ಪೂರ್ತಿ ಸಡಿಲವಿದ್ದೂ ಪಟ ಹಿಂದೆಯೇ ತೂಗುತ್ತಿದ್ದರೆ ಮಾತ್ರ ಕೋನದ ಬಗ್ಗೆ ಯೋಚಿಸಿ.

ಬ್ರೇಕ್ ತೀರಾ ಉದ್ದವಾದರೆ ತೊಂದರೆ ಉಲ್ಟಾ. ಪಟ ದೊಡ್ಡ ಸುತ್ತು ಹೊಡೆದು ತಿರುಗುತ್ತದೆ, ಹಿಮ್ಮುಖವಾಗಿ ಇಳಿಸಲು ಆಗುವುದಿಲ್ಲ, ಕೈ ಪೂರ್ತಿ ಎಳೆದರೂ ಪಟ ನಿಲ್ಲುವುದಿಲ್ಲ. ಈ ಎರಡು ತುದಿಗಳ ನಡುವೆ ಎಲ್ಲಿ ನಿಲ್ಲಿಸುವುದು ಅನ್ನುವುದು ನಿಮ್ಮ ರುಚಿ. ಬಗ್ಗಿಯಲ್ಲಿ (ಪಟ ಎಳೆಯುವ ಪುಟ್ಟ ಗಾಡಿ) ಕೂತು ದೂರ ಓಡುವವರು ತುಸು ಸಡಿಲ ಇಟ್ಟುಕೊಳ್ಳುತ್ತಾರೆ. ನಿಂತಲ್ಲೇ ಹಾರಿಸುತ್ತಾ ಪಟವನ್ನು ಅದರ ಅಕ್ಷದ ಮೇಲೇ ಗಿರ್ರನೆ ತಿರುಗಿಸುವ ಆಸೆಯವರಿಗೆ ಬಿಗಿಯೇ ಚೆಂದ. ಕೈಯಲ್ಲಿ ಹಿಡಿಕೆ ಇರುವಾಗ ಬ್ರೇಕಿನ ಈ ವ್ಯತ್ಯಾಸವನ್ನು ಮಣಿಕಟ್ಟಿನಿಂದಲೇ ಸರಿದೂಗಿಸಬಹುದು ಅನ್ನುವುದೂ ನೆನಪಿರಲಿ. ಎರಡು ಹಿಡಿಕೆಗಳ ಬದಲು ಒಂದೇ ಅಡ್ಡಕೋಲಿನಲ್ಲಿ, ಅಂದರೆ ಬಾರ್‌ನಲ್ಲಿ ಹಾರಿಸುವವರಿಗೆ ಆ ಸೌಲಭ್ಯವಿಲ್ಲ, ಅವರು ಹೆಚ್ಚು ಕರಾರುವಾಕ್ಕಾಗಿ ಹೊಂದಿಸಬೇಕು.

ಹಳೆಯ ಪಟವಾದರೆ ಇನ್ನೊಂದು ಕಾರಣವಿದೆ. ಮುಖ್ಯ ದಾರಗಳು ಹೆಚ್ಚು ಭಾರ ಹೊರುತ್ತವೆ, ಕಾಲಕ್ರಮೇಣ ಹಿಗ್ಗುತ್ತವೆ. ಬ್ರೇಕ್ ದಾರಗಳ ಮೇಲೆ ಅಷ್ಟು ಭಾರವಿಲ್ಲ. ಅವು ಹಾಗೇ ಉಳಿಯುತ್ತವೆ, ಕೆಲವೊಮ್ಮೆ ತೇವ ಮತ್ತು ಮರಳು ಸೇರಿ ಕುಗ್ಗುವುದೂ ಉಂಟು. ಪರಿಣಾಮವಾಗಿ ಯಾರೂ ಮುಟ್ಟದೆಯೇ ಬ್ರೇಕ್ ಬಿಗಿಯಾಗುತ್ತಾ ಹೋಗುತ್ತದೆ. "ಕೊಂಡಾಗ ಚೆನ್ನಾಗಿ ಹಾರುತ್ತಿತ್ತು, ಈಗ ಸೋಮಾರಿಯಾಗಿದೆ" ಅನ್ನುವ ಪಟಗಳಲ್ಲಿ ಬಹುಪಾಲು ಇದೇ ಕಥೆ. ನಾಲ್ಕೂ ದಾರಗಳ ಒಂದು ತುದಿಯನ್ನು ಗೂಟಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಒಟ್ಟಿಗೆ ಬಿಗಿಯಾಗಿ ಎಳೆದು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಎಡ ಬಲದ ವ್ಯತ್ಯಾಸವೂ ಅಲ್ಲೇ ಸಿಗುತ್ತದೆ. ಪಟ ಒಂದೇ ಕಡೆಗೆ ವಾಲುತ್ತಿದ್ದರೆ ಸೂತ್ರ ಅನುಮಾನಿಸುವ ಮೊದಲು ಇದನ್ನು ನೋಡಿ.

ಎರಡನೆಯ ಆಯ್ಕೆ: ಇಡೀ ಪಟದ ಕೋನ

ನಿಜವಾದ ಸೂತ್ರದ ಕೆಲಸ ಇದು, ಚರ್ಚೆಗೆ ಹೆಚ್ಚು ಜಾಗ ಬೇಕಾದದ್ದೂ ಇದಕ್ಕೇ.

ಕೋನ ತಗ್ಗಿಸಿದರೆ ಪಟ ವಿಂಡೋದ ಅಂಚಿನ ಕಡೆಗೆ ಇನ್ನಷ್ಟು ಮುಂದೆ ಹೋಗುತ್ತದೆ, ವೇಗ ಹೆಚ್ಚುತ್ತದೆ, ನಿಂತಲ್ಲಿ ಎಳೆತ ಕಡಿಮೆಯಾಗುತ್ತದೆ. ಗಾಳಿಗೆ ಎದುರಾಗಿ ಏರಬೇಕಾದ ಬಗ್ಗಿಯವರಿಗೆ ಇದು ವರ. ಲಿಫ್ಟ್ (ಎತ್ತುವ ಬಲ) ಮತ್ತು ಡ್ರ್ಯಾಗ್‌ಗಳ (ಗಾಳಿಯ ತಡೆ) ಅನುಪಾತ 4 ಇರುವ ಪಟ, ತೂಕದ ಲೆಕ್ಕ ಬಿಟ್ಟರೆ, ಗಾಳಿಯ ದಿಕ್ಕಿನಿಂದ ಸುಮಾರು 76 ಡಿಗ್ರಿವರೆಗೆ ಅಂಚಿಗೆ ಹೋಗುತ್ತದೆ. ಅನುಪಾತ 6 ಆದರೆ ಸುಮಾರು 80.5 ಡಿಗ್ರಿ. ಕೋನ ತಗ್ಗಿಸುವುದರಿಂದ ಈ ಅನುಪಾತ ಒಂದು ಹಂತದವರೆಗೆ ಸುಧಾರಿಸುತ್ತದೆ. ಆ ಹಂತ ದಾಟಿದರೆ ಲಿಫ್ಟೇ ಕುಸಿದು ಲಾಭವೆಲ್ಲ ಹೋಗುತ್ತದೆ, ಮೂಗು ಒಳಕ್ಕೆ ಮಡಚಿಕೊಳ್ಳಲು ಶುರುವಾಗುತ್ತದೆ.

ಕೋನ ಏರಿಸಿದರೆ ಪಟ ವಿಂಡೋದೊಳಗೆ ಆಳದಲ್ಲಿ ನಿಲ್ಲುತ್ತದೆ. ಕಡಿಮೆ ಗಾಳಿಯಲ್ಲೇ ಗಟ್ಟಿಯಾಗಿ ಎಳೆಯುತ್ತದೆ, ನೆತ್ತಿಯ ಮೇಲೆ ಮುದುಡುವುದು ಕಡಿಮೆಯಾಗುತ್ತದೆ. ಬದಲಿಗೆ ವೇಗ ಹೋಗುತ್ತದೆ, ಸ್ಟಾಲ್ ಹತ್ತಿರ ಬರುತ್ತದೆ, ಗಾಳಿಗೆ ಎದುರಾಗಿ ಏರುವ ಶಕ್ತಿ ಕುಗ್ಗುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಹರಡಿದೆ: ಕೋನ ತಗ್ಗಿಸಿದರೆ ಪಟ ಸೌಮ್ಯವಾಗುತ್ತದೆ, ಸುರಕ್ಷಿತವಾಗುತ್ತದೆ ಅಂತ. ನಿಂತ ಪಟದ ಮಟ್ಟಿಗೆ ಅದು ನಿಜ. ಆದರೆ ಎಳೆತ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 20 ಕಿ.ಮೀ. ಇದ್ದದ್ದು 30 ಆದರೆ ಎಳೆತ ಎರಡೂಕಾಲು ಪಟ್ಟು. ಪಟಕ್ಕೆ ತಗಲುವ ಗಾಳಿಯಲ್ಲಿ ಅದರ ಸ್ವಂತ ಓಟದ ಪಾಲೂ ಇದೆ. ಹೀಗಾಗಿ ತಗ್ಗು ಕೋನದ ಚುರುಕು ಪಟವನ್ನು ವಿಂಡೋದ ನಡುವೆ ಹಾಯಿಸಿದರೆ ಅದು ಮೊದಲಿಗಿಂತ ಬಿರುಸಾಗಿಯೇ ಸೆಳೆಯಬಹುದು. ಇನ್ನೂ ಕೆಟ್ಟದ್ದೆಂದರೆ, ಅಂಚು ದಾಟಿ ಮುಂದೆ ಹೋಗಿ ಮುದುಡಿದ ಪಟ ಗಾಳಿಗೆ ತೇಲಿ ನಿಮ್ಮ ಕೆಳಗಾಳಿಗೆ, ಅಂದರೆ ಅತಿ ಹೆಚ್ಚು ಎಳೆತದ ಜಾಗಕ್ಕೆ ಬಂದು ಅಲ್ಲಿ ಪಟ್ಟನೆ ಬಿಚ್ಚಿಕೊಳ್ಳುತ್ತದೆ. ಮೈದಾನದ ಕೆಟ್ಟ ಎಳೆತಗಳು ಹುಟ್ಟುವುದು ಹೀಗೆ.

ಆದ್ದರಿಂದಲೇ ಗಾಳಿ ನೋಡಿ ಆರಿಸಿ ಅಂದದ್ದು. ಕಡಲತೀರದಲ್ಲಿ ನೀರಿನ ಮೇಲಿಂದ ಬರುವ ಸಮಗಾಳಿಯಲ್ಲಿ ತಗ್ಗು ಕೋನ ನಿಜವಾಗಿಯೂ ಖುಷಿ ಕೊಡುತ್ತದೆ. ಮರ, ಕಟ್ಟಡ, ದಿಬ್ಬಗಳಿಂದ ಮುರಿದುಬರುವ ಒಳನಾಡಿನ ಗಾಳಿಯಲ್ಲಿ ಅದೇ ಹೊಂದಿಕೆ ಪ್ರತಿ ಬೀಸಿಗೂ ನಿಮ್ಮನ್ನು ಸತಾಯಿಸುತ್ತದೆ. ಅಲ್ಲಿ ಕಾರ್ಖಾನೆಯ ಕೋನವನ್ನೇ ಉಳಿಸಿಕೊಳ್ಳಿ, ಇಲ್ಲವೇ ಕೋನವನ್ನು ಅದಕ್ಕಿಂತ ಒಂದು ಗಂಟಿನಷ್ಟು ಏರಿಸಿ. ವೇಗ ಕಡಿಮೆಯಾದರೂ ಪಟ ಆಕಾಶದಲ್ಲಿ ಇರುತ್ತದೆ. ಕಲಿಯುವವರಿಗಂತೂ ತಗ್ಗು ಕೋನವನ್ನು ನಾನು ಯಾವ ಗಾಳಿಯಲ್ಲೂ ಶಿಫಾರಸು ಮಾಡುವುದಿಲ್ಲ. ನೆತ್ತಿಯ ಮೇಲೆ ಸುಮ್ಮನೆ ನಿಲ್ಲುವ ಪಟವೇ ಅವರಿಗೆ ಗುರು.

ಎಷ್ಟು ಸರಿಸಬೇಕು

ಲೆಕ್ಕ ಸರಳ. ಎ ಸಾಲಿನಿಂದ ಕೊನೆಯ ಸಾಲಿಗೆ 1 ಮೀಟರ್ ಅಂತರವಿದ್ದರೆ, ಎ ಅನ್ನು 1 ಸೆಂ.ಮೀ. ಗಿಡ್ಡ ಮಾಡಿದಾಗ ಕೋನ ಬದಲಾಗುವುದು 0.57 ಡಿಗ್ರಿ. ಅಂತರ 60 ಸೆಂ.ಮೀ. ಇರುವ ಚಿಕ್ಕ ಪಟದಲ್ಲಿ ಅದೇ 1 ಸೆಂ.ಮೀ. ಸುಮಾರು 0.95 ಡಿಗ್ರಿ. ಕಡಿಮೆ ಅನ್ನಿಸಬಹುದು. ಆದರೆ ಸಾಮಾನ್ಯ ರೆಕ್ಕೆಯೊಂದು ಸ್ಟಾಲ್ ಆಗುವುದೇ 15 ಡಿಗ್ರಿಯ ಆಸುಪಾಸಿನಲ್ಲಿ. ಹಾರುವ ಪಟದ ಕೈಯಲ್ಲಿರುವುದು ಕೆಲವೇ ಡಿಗ್ರಿಗಳ ಅವಕಾಶ. ಎರಡು ಡಿಗ್ರಿ ಬದಲಾದರೆ ಅದು ಬೇರೆಯೇ ಪಟ. ಹಾಗಾಗಿ ದೊಡ್ಡ ಪಟದಲ್ಲಿ ಒಮ್ಮೆಗೆ 1 ಸೆಂ.ಮೀ., ಚಿಕ್ಕದರಲ್ಲಿ ಅರ್ಧ ಸೆಂ.ಮೀ. ಸಾಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಬ್ರೇಕನ್ನೂ ಎ ಸಾಲನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ತಿಳಿಯುವುದಿಲ್ಲ.

ಎ ಒಂದನ್ನೇ ಎಳೆದರೆ ಸಾಲದು ಅನ್ನುವುದು ಹಲವರು ಬಿಟ್ಟುಬಿಡುವ ಸಂಗತಿ. ನಾಲ್ಕು ಸಾಲು ಸಮ ಅಂತರದಲ್ಲಿದ್ದು ಎ ಅನ್ನು 3 ಸೆಂ.ಮೀ. ಗಿಡ್ಡ ಮಾಡಿದರೆ ಬಿ 2, ಸಿ 1 ಗಿಡ್ಡವಾಗಬೇಕು, ಡಿ ಇದ್ದಲ್ಲೇ ಇರಬೇಕು. ಆಗ ಮಾತ್ರ ಹೊಟ್ಟೆಯ ಆಕಾರ ಕೆಡದೆ ಇಡೀ ಪಟ ವಾಲುತ್ತದೆ. ಎ ಮಾತ್ರ ಎಳೆದರೆ ಮೂಗು ಬಾಗಿ ರೆಕ್ಕೆಯೇ ಸೊಟ್ಟಗಾಗುತ್ತದೆ. ಅಂತರ ಸಮವಾಗಿಲ್ಲದಿದ್ದರೆ, ಬಹಳ ಪಟಗಳಲ್ಲಿ ಇರುವುದಿಲ್ಲ, ಅಳೆದು ಅದೇ ಅನುಪಾತದಲ್ಲಿ ಹಂಚಿ. ಅರ್ಧ ಸೆಂ.ಮೀ.ನಷ್ಟು ಸಣ್ಣ ಪ್ರಯೋಗಕ್ಕೆ ಎ ಒಂದನ್ನೇ ಸರಿಸಿ ನೋಡಬಹುದು. ಇಷ್ಟವಾದರೆ ಆಮೇಲೆ ಸರಿಯಾಗಿ ಹಂಚಿಕೊಳ್ಳಿ.

ಹಿಂದಿನ ಸಾಲುಗಳನ್ನು ಉದ್ದ ಮಾಡಿಯೂ ಕೋನ ತಗ್ಗಿಸಬಹುದು, ಸಣ್ಣ ತುಂಡುದಾರ ಸೇರಿಸಿದರೆ ಆಯಿತು. ಏನನ್ನೂ ಬಿಚ್ಚಬೇಕಿಲ್ಲ, ಹಿಂದಿರುಗಿಸುವುದೂ ಸುಲಭ. ಆದರೆ ಹಿಂದಂಚು ನಿಮ್ಮಿಂದ ದೂರ ಸರಿಯುವುದರಿಂದ ಬ್ರೇಕ್ ತನ್ನಷ್ಟಕ್ಕೇ ಬಿಗಿಯಾಗುತ್ತದೆ. ಅದನ್ನು ಮತ್ತೆ ಸಡಿಲಿಸಲು ಮರೆತರೆ ಪಟ ಮೊದಲಿಗಿಂತ ನಿಧಾನವಾಗಿ, ಬದಲಾವಣೆಯೇ ಉಲ್ಟಾ ಕೆಲಸ ಮಾಡಿತು ಅನ್ನಿಸುತ್ತದೆ. ಯಾವ ದಾರಿಯಲ್ಲೇ ಹೋದರೂ ಕೋನ ಬದಲಿಸಿದ ಮೇಲೆ ಬ್ರೇಕನ್ನು ಹೊಸದಾಗಿ ಹೊಂದಿಸಬೇಕು.

ಕತ್ತರಿ ಮಾತ್ರ ಹತ್ತಿರ ತರಬೇಡಿ. ಸೂತ್ರದ ಬುಡಕ್ಕೆ, ಸೂತ್ರಕ್ಕಿಂತ ದಪ್ಪನೆಯ ಡೈನೀಮಾ (ಪಟದ ದಾರಕ್ಕೆ ಬಳಸುವ ಗಟ್ಟಿ ನೂಲು) ತುಂಡಿನಲ್ಲಿ ಸೆಂ.ಮೀ.ಗೊಂದು ಗಂಟು ಹಾಕಿದ ಗಂಟುದಾರ ಸೇರಿಸಿಕೊಳ್ಳಿ, ಲಾರ್ಕ್ಸ್ ಹೆಡ್ ಕುಣಿಕೆಯನ್ನು ಗಂಟಿನಿಂದ ಗಂಟಿಗೆ ಸರಿಸಿದರೆ ಸಾಕು. ದಪ್ಪ ಏಕೆಂದರೆ ಗಂಟು ಬಿದ್ದಲ್ಲಿ ಡೈನೀಮಾದ ಬಲ ಅರ್ಧದಷ್ಟಕ್ಕೆ ಇಳಿಯಬಹುದು. ನುಣುಪು ದಾರವಾದ್ದರಿಂದ ಒಂಟಿ ಗಂಟು ಜಾರುತ್ತದೆ, ಎಂಟರಾಕಾರದ ಗಂಟು ನಿಲ್ಲುತ್ತದೆ. ಶುರು ಮಾಡುವ ಮೊದಲು ಕಾರ್ಖಾನೆಯ ಜಾಗವನ್ನು ಅಳಿಸಿಹೋಗದ ಮಾರ್ಕರ್‌ನಿಂದ ಎರಡೂ ಬದಿ ಗುರುತು ಮಾಡಿ.

ಉಳಿದ ಎರಡು

ಬ್ರೇಕ್ ಕವಲುಗಳ ಹಂಚಿಕೆ ತಿರುವಿಗೆ ಸಂಬಂಧಿಸಿದ್ದು. ರೆಕ್ಕೆತುದಿಯ ಕವಲುಗಳು ಮೊದಲು ಬಿಗಿಯಾಗಿ ನಡುವಿನವು ಆಮೇಲೆ ಬಿಗಿಯಾದರೆ ಪಟ ತುದಿ ಹಿಡಿದು ತಿರುಗುತ್ತದೆ, ಎಳೆತ ಅಷ್ಟಾಗಿ ಕಳೆದುಕೊಳ್ಳುವುದಿಲ್ಲ. ಇಡೀ ಹಿಂದಂಚು ಒಟ್ಟಿಗೆ ಇಳಿದರೆ ತಿರುವಿಗಿಂತ ನಿಲುಗಡೆ ಚೆನ್ನಾಗಿ ಬರುತ್ತದೆ. ತಿರುವು ಮಂದವೆನ್ನಿಸುವ, ಉಳಿದಂತೆ ಒಳ್ಳೆಯ ಪಟಕ್ಕೆ ಇದು ಕೋನ ಬದಲಿಸುವುದಕ್ಕಿಂತ ಉತ್ತಮ ಮದ್ದು. ಆದರೆ ಇಲ್ಲಿ ಕೆಲಸ ಮಿಲಿಮೀಟರ್‌ಗಳಲ್ಲಿ, ಎರಡೂ ಬದಿ ತಾಳೆಯಾಗಬೇಕು. ತಾಳ್ಮೆಯಿಲ್ಲದಿದ್ದರೆ ಬಿಡಿ.

ನಡುಸಾಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿ, ಸಿ ಸಡಿಲಿಸಿದರೆ ಹೊಟ್ಟೆಯುಬ್ಬು ಹೆಚ್ಚಿ ನಿಧಾನ ಗಾಳಿಯಲ್ಲಿ ಲಿಫ್ಟ್ ಸಿಗುತ್ತದೆ, ಡ್ರ್ಯಾಗ್ ಕೂಡ. ಎಳೆದರೆ ಚಪ್ಪಟೆಯಾಗಿ ವೇಗ ಬರುತ್ತದೆ. ಪಟವನ್ನು ತಾವೇ ಹೊಲಿಯುವವರಿಗೆ ಇದು ಬೇಕು, ಕೊಂಡ ಪಟ ಹಾರಿಸುವವರಿಗೆ ಬೇಡ. ವಿನ್ಯಾಸಕಾರರು ಅದರಲ್ಲೇ ಹೆಚ್ಚು ತಲೆ ಕೆಡಿಸಿಕೊಂಡಿರುತ್ತಾರೆ, ಅವರ ಕೆಲಸ ಹಾಳು ಮಾಡುವುದರಲ್ಲಿ ಅರ್ಥವಿಲ್ಲ.

ಬೇರೆ ಜಾತಿಯ ಪಟಗಳು

ಡಿಪವರ್ ಫಾಯಿಲ್‌ಗಳಲ್ಲಿ ಕೋನವನ್ನು ಹಾರಿಸುವಾಗಲೇ ಬದಲಿಸುವ ವ್ಯವಸ್ಥೆ ಸೂತ್ರದೊಳಗೇ ಇದೆ. ಬಾರ್ ಸರಿಸಿದಂತೆ ಪುಲ್ಲಿಗಳ ಮೂಲಕ ಎ ನಿಂತಲ್ಲೇ ನಿಂತು, ಬಿ ಸ್ವಲ್ಪ, ಸಿ ಇನ್ನಷ್ಟು, ಹಿಂದಂಚು ಎಲ್ಲಕ್ಕಿಂತ ಹೆಚ್ಚು ಚಲಿಸುತ್ತದೆ. ಮೇಲೆ ಹೇಳಿದ 3, 2, 1ರ ಹಂಚಿಕೆಯನ್ನೇ ಇದು ತಾನಾಗಿ ಮಾಡಿಕೊಳ್ಳುತ್ತದೆ. ಇದಕ್ಕೆ ಮಿಕ್ಸರ್ ಅನ್ನುತ್ತಾರೆ. ಇಂಥ ಪಟದಲ್ಲಿ ಸ್ವಂತ ರುಚಿಯ ಸೂತ್ರ ಬೇಡವೇ ಬೇಡ. ನಿಮ್ಮ ಕೆಲಸ ಒಂದೇ: ಹಿಗ್ಗಿದ ಎ, ಕುಗ್ಗಿದ ಹಿಂದಿನ ಸಾಲುಗಳನ್ನು ತಯಾರಕರ ಅಳತೆಗೆ ಮರಳಿ ತರುವುದು. ಅದಕ್ಕೆಂದೇ ಅವರು ಗಂಟುಗಳನ್ನು ಕೊಟ್ಟಿರುತ್ತಾರೆ. ವರ್ಷಗಟ್ಟಲೆ ಹಾರಿಸಿದ ಪಟ ಈ ಒಂದು ತಿದ್ದುಪಡಿಯಿಂದ ಹೊಸದರಂತಾಗುವುದುಂಟು.

ಗಾಳಿ ತುಂಬುವ ಕೊಳವೆಯ ಪಟಗಳಲ್ಲಿ ಹಿಂದಿನ ದಾರಗಳ ಗಂಟು ಸರಿಸಿದರೆ ಒಟ್ಟು ಕೋನ ಬದಲಾಗುತ್ತದೆ. ರೆಕ್ಕೆತುದಿಯಲ್ಲಿ ಒಂದಕ್ಕಿಂತ ಹೆಚ್ಚು ಕಟ್ಟುವ ಜಾಗಗಳಿದ್ದರೆ, ಮೂಗಿನ ಕೊಳವೆಗೆ ಹತ್ತಿರದ್ದು ಬಾರ್‌ನ ಬಿಗಿತವನ್ನು ಸಾಮಾನ್ಯವಾಗಿ ಹಗುರ ಮಾಡುತ್ತದೆ, ಹಿಂದಂಚಿನ ಕಡೆಯದು ಹೆಚ್ಚಿಸುತ್ತದೆ. ತಿರುವಿನ ಮೇಲಿನ ಪರಿಣಾಮ ವಿನ್ಯಾಸದಿಂದ ವಿನ್ಯಾಸಕ್ಕೆ ಬೇರೆ, ಕೈಪಿಡಿ ನೋಡಿ. ಕೊಟ್ಟ ಜಾಗಗಳ ಹೊರತಾಗಿ ಹೊಸದನ್ನು ಸೃಷ್ಟಿಸಬೇಡಿ.

ಸೂತ್ರವೇ ಇಲ್ಲದ ಪಟಗಳೂ ಇವೆ. 1970ರ ದಶಕದ ಆರಂಭದಲ್ಲಿ ಬ್ರಿಟನ್‌ನಲ್ಲಿ ಬಂದ ಫ್ಲೆಕ್ಸಿಫಾಯಿಲ್‌ನಲ್ಲಿ ಮೂಗಿನುದ್ದಕ್ಕೂ ಬಾಗುವ ಕಡ್ಡಿಯೊಂದಿದೆ, ಎರಡು ದಾರ ಅದರ ಎರಡು ತುದಿಗೆ. ನ್ಯೂಜಿಲೆಂಡಿನ ಪಟ ತಯಾರಕ ಪೀಟರ್ ಲಿನ್ ಅವರ ಕಮಾನಿನಾಕಾರದ ಆರ್ಕ್ ಪಟಗಳೂ ತುದಿಯಿಂದಲೇ ತೂಗುತ್ತವೆ. ಗಂಟುಗಳ ತಲೆನೋವು ಬೇಡವೆನ್ನುವವರಿಗೆ ಅದೂ ಒಂದು ಆಯ್ಕೆ. ಇದಕ್ಕೆ ತದ್ವಿರುದ್ಧವಾಗಿ, ಜಾರ್ಜ್ ಪೊಕಾಕ್ ಎಂಬ ಇಂಗ್ಲೆಂಡಿನ ಶಾಲಾಮಾಸ್ತರರು 1826ರಲ್ಲೇ ಪಟ ಎಳೆಯುವ ಗಾಡಿಗೆ ಪೇಟೆಂಟ್ ಪಡೆದಿದ್ದರು, ಅದೂ ನಾಲ್ಕು ದಾರಗಳಿಂದ ಪಟವನ್ನು ಅಂಕೆಯಲ್ಲಿಡುವ ಏರ್ಪಾಡಿನೊಂದಿಗೆ. ನಾವು ಇವತ್ತು ಹಿಡಿಕೆಯಲ್ಲಿ ಮಾಡುತ್ತಿರುವುದು ಆ ಜಾಡಿನದ್ದೇ.

ಹಾಗಾದರೆ ಯಾವುದು

ಪಟ ಸೋಮಾರಿಯಾಗಿದ್ದರೆ ಮೊದಲು ಬ್ರೇಕ್ ಸಡಿಲಿಸಿ. ತಿರುಗದಿದ್ದರೆ ಬ್ರೇಕ್ ಬಿಗಿ ಮಾಡಿ, ಅದೂ ಸಾಲದಿದ್ದರೆ ಬ್ರೇಕ್ ಕವಲು. ನೆತ್ತಿಯ ಮೇಲೆ ಮುದುಡುತ್ತಿದ್ದರೆ ಕೋನ ಏರಿಸಿ, ಅದಕ್ಕೂ ಮೊದಲು ಹೊಡೆದುಬರುವ ಗಾಳಿಯೇ ಕಾರಣವಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಬಗ್ಗಿಯಲ್ಲಿ ಗಾಳಿಗೆ ಎದುರೇರಲು ಆಗುತ್ತಿಲ್ಲವೇ, ಗಾಳಿ ಸಮವಾಗಿದೆಯೇ, ಬ್ರೇಕ್ ಸರಿಯಿದೆಯೇ, ಮೂರಕ್ಕೂ ಹೌದಾದರೆ ಕೋನ ತಗ್ಗಿಸಿ. ಎಳೆತ ಸಾಲದು ಅನ್ನುವ ದೂರಿಗೆ ಮಾತ್ರ ಸೂತ್ರದಲ್ಲಿ ಪೂರ್ತಿ ಉತ್ತರವಿಲ್ಲ. 3 ಚದರ ಮೀಟರ್ ಪಟದ ಕೋನ ಎಷ್ಟೇ ಏರಿಸಿದರೂ ಅದು 5 ಚದರ ಮೀಟರ್ ಆಗುವುದಿಲ್ಲ, ಸ್ಟಾಲ್ ಆಗುವ 3 ಚದರ ಮೀಟರ್ ಆಗುತ್ತದೆ ಅಷ್ಟೇ. ಅಲ್ಲಿ ದೊಡ್ಡ ಪಟವೇ ದಾರಿ.

ಯಾವ ಬದಲಾವಣೆಯನ್ನಾದರೂ ಹಗುರ ಗಾಳಿಯಲ್ಲಿ, ಎದುರಿಗೆ ಖಾಲಿ ಜಾಗವಿರುವಲ್ಲಿ, ಕೈಪಟ್ಟಿಯ ಕೈಟ್ ಕಿಲ್ಲರ್ (ಹಿಡಿಕೆ ಬಿಟ್ಟೊಡನೆ ಬ್ರೇಕ್ ಎಳೆದು ಪಟವನ್ನು ಕೆಡವುವ ದಾರ) ಕಟ್ಟಿಕೊಂಡು ಪರೀಕ್ಷಿಸಿ. ಮೈಗೆ ಕಟ್ಟುವ ಹಾರ್ನೆಸ್‌ಗೆ ಪಟವನ್ನು ಸಿಕ್ಕಿಸಿಕೊಂಡು ಮೊದಲ ಹಾರಾಟ ಬೇಡ. ನೆತ್ತಿಯಲ್ಲಿ ನಿಲ್ಲಿಸಿ, ಎರಡೂ ಅಂಚಿಗೆ ಒಯ್ದು, ಬ್ರೇಕ್ ಎಳೆದು ಹಿಮ್ಮುಖವಾಗಿ ಇಳಿಸಿ. ಇಷ್ಟರಲ್ಲಿ ಬೇಕಾದ್ದೆಲ್ಲ ಗೊತ್ತಾಗುತ್ತದೆ. ಮಾಡಿದ ಬದಲಾವಣೆಯನ್ನು ಪಟದ ಚೀಲದೊಳಗೆ ಚೀಟಿಯಲ್ಲಿ ಬರೆದಿಡಿ. ಪಟವನ್ನು ಬೇರೆಯವರಿಗೆ ಕೊಡುವ ಅಥವಾ ಮಾರುವ ದಿನ ಮಾರ್ಕರ್ ಗುರುತಿನ ಜಾಗಕ್ಕೆ ಎಲ್ಲವನ್ನೂ ಮರಳಿಸಿ ಕೊಡಿ.